ಶೀನಣ್ಣನ ಎರಡು ದ್ವೀಪಗಳು

ಶೀನಣ್ಣ ತಮ್ಮ ರಿಪೇರಿ ಅಂಗಡಿಯಲ್ಲಿ ಫ್ರಿಜ್ ಬಿಚ್ಚಲು ಕೂತರೆಂದರೆ ಕೈಯಲ್ಲಿ ಸ್ಕ್ರೂಡ್ರೈವರ್, ಬಾಯಲ್ಲಿ ಎರಡು ದ್ವೀಪ. ಬಹ್ರೇನಿನಲ್ಲಿ ಎಂಟು ವರ್ಷ, ಮಾಲ್ದೀವ್ಸಿನಲ್ಲಿ ಆರು ವರ್ಷ ಎಸಿ ಮೆಕ್ಯಾನಿಕ್ ಆಗಿದ್ದು, ಕುಂದಾಪುರದ ಬಳಿಯ ಹೆಮ್ಮಾಡಿಗೆ, ನಮ್ಮ ಪಕ್ಕದ ಮನೆಗೆ ವಾಪಸಾದವರು ಅವರು. ಎಲ್ಲಿಯ ಬದುಕು ಚಂದ ಎಂದು ಯಾರೂ ಕೇಳಬೇಕಾಗಿರಲಿಲ್ಲ. "ಬಹ್ರೇನಂಗೆ ಸಂಬ್ಳ ಇತ್ತ್, ನೆಳ್ಳಿಲ್ಲ. ಮಾಲ್ದೀವ್ಸಂಗೆ ನೆಳ್ಳ್ ಇತ್ತ್, ನಡುಕೆ ಜಾಗ ಇಲ್ಲ" ಎಂದು ಶುರುವಾದರೆ ನೀರು, ಅಕ್ಕಿ, ಸೊಳ್ಳೆ, ಸಾಹೇಬರು ಎಲ್ಲವೂ ತಕ್ಕಡಿಗೆ ಬೀಳುತ್ತಿದ್ದವು. ಕೊನೆಗೆ ನಿಟ್ಟುಸಿರು ಬಿಟ್ಟು, "ಎರ್ಡೂ ಒಂದೇ ಮಾರಾಯ್ರೆ" ಎನ್ನುತ್ತಿದ್ದರು. ಫ್ರಿಜ್ ಸರಿಯಾಗುತ್ತಿತ್ತು, ತೀರ್ಪು ಮಾತ್ರ ಸಿಗುತ್ತಿರಲಿಲ್ಲ.

ಅವರ ಒಣಮೀನಿನ ಕತೆ ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ. ಬಹ್ರೇನಿನಲ್ಲಿ ಕಟ್ಟಡದ ತಾರಸಿಯಲ್ಲಿ, ಎಸಿಯ ಬಿಸಿಗಾಳಿ ಬಡಿಯುವ ಕಡೆ, ಉಪ್ಪು ಹಾಕಿದ ಬಂಗುಡೆ ಒಣಗಿಸುತ್ತಿದ್ದರಂತೆ. ಬೈಯಲು ಬಂದ ವಾಚ್‌ಮನ್ ನಾಲ್ಕು ಬಂಗುಡೆ ಕಟ್ಟಿಸಿಕೊಂಡು ಹೋದ. ಅದೇ ಧೈರ್ಯದಲ್ಲಿ ಮಾಲ್ದೀವ್ಸಿನ ರೆಸಾರ್ಟಿನಲ್ಲೂ ಒಣಗಿಸಿದರು. ವಾಸನೆ ನೇರವಾಗಿ ಮಧುಚಂದ್ರಕ್ಕೆ ಬಂದ ಜೋಡಿಯ ಕೋಣೆಗೆ ಹೊಕ್ಕಿತು. ಮ್ಯಾನೇಜರ್ ಕೊಟ್ಟ ಎಚ್ಚರಿಕೆಯ ಪತ್ರಕ್ಕೆ ಲ್ಯಾಮಿನೇಶನ್ ಮಾಡಿಸಿ, ಅಂಗಡಿಯಲ್ಲಿ ದೇವರ ಪಟದ ಪಕ್ಕ ತೂಗುಹಾಕಿದ್ದರು. "ಸುತ್ತ ಮೀನೇ ಇಪ್ಪ ಊರಂಗೆ ಮೀನ್ ವಾಸ್ನೆ ಆತಿಲ್ಲ ಅಂದ್ರೆ ಎಂತ ಹೇಳುದ್?"

ನಾನು ಕುಂದಾಪುರದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿ ದುಡಿದು ದುಡಿದು ಸಾಕಾಗಿದ್ದ ದಿನಗಳವು. ಒಂದೇ ವಾರದಲ್ಲಿ ನನಗೆ ಎರಡು ಕಡೆಯಿಂದ ಕೆಲಸಕ್ಕೆ ಕರೆ ಬಂತು. ಶೀನಣ್ಣನಿಗಾಗಿಯೇ ಎಂಬಂತೆ ಒಂದು ಬಹ್ರೇನ್, ಇನ್ನೊಂದು ಮಾಲ್ದೀವ್ಸ್. ಮಾಲ್ದೀವ್ಸಿನಲ್ಲಿ ಕೆಲಸ ಹಗುರ, ಪ್ರತ್ಯೇಕ ಕೋಣೆ, ಕಿಟಕಿ ತೆರೆದರೆ ಸಮುದ್ರ. ನನ್ನ ಮನಸ್ಸು ಅತ್ತಲೇ ವಾಲಿತ್ತು. ಆದರೆ ಮನೆಯಲ್ಲಿ ಅಮ್ಮ ಒಬ್ಬಳೇ ಆಗುತ್ತಾಳೆ, ಅವಳಿಗೆ ಎದೆಯ ಕಾಯಿಲೆ ಬೇರೆ. ಸೋಮವಾರದೊಳಗೆ ಉತ್ತರ ಹೇಳಬೇಕಿತ್ತು.

ಅಂಗಡಿಗೆ ಹೋಗಿ ಕೇಳಿದೆ. ಅಂದು ತಕ್ಕಡಿ ಹೊರಗೆ ಬರಲಿಲ್ಲ. ಶೀನಣ್ಣ ಕೈಯ ಗ್ರೀಸ್ ಒರೆಸಿಕೊಂಡು ಸ್ಟೂಲ್ ಎಳೆದು ಕೂತರು.

"ನಮ್ಮಬ್ಬಿ ಹೋಪತಿಗೆ ನಾನ್ ಮಾಲ್ದೀವ್ಸಂಗ್ ಇದ್ದೆ ಮಗಾ. ಬೆಳಿಗ್ಗೆ ಫೋನ್ ಬಂತ್. ಕಡ್ಲ್ ಎದ್ದಿತ್, ದೋಣಿ ಬಿಡ್ಲಿಲ್ಲ. ಎರ್ಡ್ ದಿನ ದೋಣಿ ಕಟ್ಟು ದಕ್ಕೆ ಮೇಲೆ ಬ್ಯಾಗ್ ಹಿಡ್ಕಂಡ್ ಕೂಕಂಡಿದ್ದೆ. ನಾನ್ ಇಲ್ಲಿಗ್ ಬಪ್ಪತಿಗೆ ಬೂದಿ ಸಹ ತಣ್ಗಾಯಿತ್."

ಇಷ್ಟು ವರ್ಷ ಸೊಳ್ಳೆಯನ್ನೂ ಬಿಡದೆ ತೂಗಿದವರು ತಾಯಿಯ ಈ ಸಾವೊಂದನ್ನು ಯಾರೆದುರೂ ತೂಗಿರಲಿಲ್ಲ.

"ಸಂಬ್ಳ ಕಾಣ್ಬೇಡ, ಸಮುದ್ರ ಕಾಣ್ಬೇಡ. ಫೋನ್ ಬಂದ್ರೆ ಮನೆಗ್ ಬಪ್ಪುಕೆ ಎಷ್ಟ್ ಹೊತ್ತ್ ಬೇಕ್, ಅದೊಂದ್ ಕಾಣ್. ಬಹ್ರೇನಿಂದ ಮಂಗ್ಳೂರಿಗೆ ವಿಮಾನ ಇತ್ತ್. ಬಾಕಿ ದಿನಕ್ಕೆ ನಾನಿದ್ನಲೆ, ನಿನ್ನಬ್ಬಿನ ಕಾಣ್ಕಂತೆ."

ನಾನು ಬಹ್ರೇನಿಗೆ ಬಂದೆ. ಶೀನಣ್ಣ ಕೊಟ್ಟ ಮಾತು ತಪ್ಪಲಿಲ್ಲ. ಅಮ್ಮನಿಗೆ ಎರಡು ಸಲ ಎದೆನೋವು ಬಂದಾಗಲೂ ರಿಕ್ಷಾ ತಂದು ಆಸ್ಪತ್ರೆಗೆ ಸೇರಿಸಿ, ಅವಳು ಎದ್ದು ಕೂತ ಮೇಲೆಯೇ ನನಗೆ ಫೋನ್ ಮಾಡಿದರು. "ಬಪ್ಪುದ್ ಬೇಡ, ಅಡ್ಡಿಲ್ಲ" ಎಂದರು. ಇಲ್ಲಿ ನನ್ನ ದಣಿವೇನೂ ಕಡಿಮೆಯಾಗಿಲ್ಲ, ಆದರೆ ಆ ಧೈರ್ಯದಲ್ಲಿ ನಿದ್ದೆ ಬರುತ್ತಿತ್ತು.

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಫೋನ್ ಮಾಡಿದ್ದು ಅಮ್ಮ. "ಶೀನಣ್ಣ ಹೋದ್ರ್ ಮಗಾ."

ರಜೆಯ ಅರ್ಜಿಯಲ್ಲಿ, ತೀರಿಕೊಂಡವರು ನಿಮಗೆ ಏನಾಗಬೇಕು ಎಂದು ಕೇಳಿದ್ದರು. ಪಕ್ಕದ ಮನೆಯವರು ಎಂದು ಬರೆದೆ. ತಂದೆ, ತಾಯಿ, ಗಂಡ, ಮಕ್ಕಳಾದರೆ ಮಾತ್ರ ರಜೆ ಎಂದರು ಆಸ್ಪತ್ರೆಯವರು. ಮಂಗಳೂರಿನ ವಿಮಾನ ಹೊರಡುವ ಹೊತ್ತಿಗೆ ನಾನು ವಾರ್ಡಿನಲ್ಲಿ ಯಾರದೋ ಬಿಪಿ ನೋಡುತ್ತಿದ್ದೆ.