ಹಾಜರಿ ಪುಸ್ತಕ ಬಿಟ್ಟು ಕೂತ ಮೂರು ವಾರ

ಹೊನ್ನವಳ್ಳಿಯ ಗಿರಿಜಾಂಬಿಕಾ ತಿಪಟೂರು ರಸ್ತೆಯ ಒಂದು ತೆಂಗಿನಕಾಯಿ ಪುಡಿ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಹಾಜರಿ ಬರೆದಳು. ಬೆಳಿಗ್ಗೆ ಎಂಟಕ್ಕೆ ಗೇಟಿನ ಪಕ್ಕದ ಕುರ್ಚಿಯಲ್ಲಿ ಕೂತು ಯಾರು ಬಂದರು, ಯಾರು ತಡವಾದರು ಎಂದು ಗುರುತು ಹಾಕುವುದು. ಮಧ್ಯಾಹ್ನ ಯಾವ ಮೇಜಿನಿಂದ ಎಷ್ಟು ಟಬ್ ಕಾಯಿ ಹೋಯಿತು ಎಂದು ಬರೆದುಕೊಳ್ಳುವುದು. ರಜೆ ಚೀಟಿ ಇಸಿದುಕೊಳ್ಳುವುದು. ಮೂವತ್ತಾರನೆಯ ವಯಸ್ಸಿನಲ್ಲಿ ಅವಳು ದೂರಶಿಕ್ಷಣದಲ್ಲಿ ಮನೋವಿಜ್ಞಾನದ ಎಂ.ಎಸ್ಸಿ.ಗೆ ಸೇರಿಕೊಂಡಳು. ಉದ್ಯಮ ಮನೋವಿಜ್ಞಾನ ಎನ್ನುವ ವಿಷಯ ಆರಿಸಿಕೊಂಡಳು.

"ಹುಚ್ಚು ಬಿಡ್ಸೋ ಓದು ತಾನೆ?" ಎಂದು ಗಂಡ ತಿಮ್ಮರಾಜು ಕೇಳಿದ.

"ಅಲ್ಲ. ಕೆಲ್ಸ ಮಾಡೋ ಜಾಗದಲ್ಲಿ ಜನ ಯಾಕೆ ಹಂಗಿರ್ತಾರೆ ಅಂತ ತಿಳ್ಕೊಳೋದು."

"ಹೆಂಗಿರ್ತಾರೆ?"

"ಓದಿದ್ಮೇಲೆ ಹೇಳ್ತೀನಿ" ಎಂದಳು. ತಿಮ್ಮರಾಜು ತೋಟದ ಮೋಟಾರು ಹಾಕಲು ಎದ್ದು ಹೋದ.

ಕೊನೆಯ ವರ್ಷ ಎಲ್ಲರೂ ಒಂದು ಕೆಲಸದ ಜಾಗಕ್ಕೆ ಹೋಗಿ, ಅಲ್ಲಿನ ಒಂದು ತೊಂದರೆಯನ್ನು ಅಭ್ಯಾಸ ಮಾಡಿ ವರದಿ ಬರೆಯಬೇಕಿತ್ತು. ಗಿರಿಜಾಂಬಿಕಾ ತನ್ನ ಕಾರ್ಖಾನೆಯನ್ನೇ ಆರಿಸಿಕೊಂಡಳು. ಅಲ್ಲಿನ ಮ್ಯಾನೇಜರ್ ಹಾಲಸ್ವಾಮಿ ತಾನೇ ಒಂದು ತೊಂದರೆ ತೋರಿಸಿದ. ಚಿಪ್ಪು ಬಿಡಿಸಿದ ಕಾಯಿಯ ಕಂದು ಸಿಪ್ಪೆಯನ್ನು ಚಾಕುವಿನಿಂದ ಹೆರೆಯುವ ವಿಭಾಗದಲ್ಲಿ ಇಪ್ಪತ್ತೆರಡು ಹೆಂಗಸರಿದ್ದರು. ಎರಡು ತಿಂಗಳಿಂದ ಅಲ್ಲಿ ಕೆಲಸ ಇಳಿಮುಖವಾಗಿತ್ತು. "ಮನಸ್ಸಿನ ವಿಷಯ ಓದ್ತಿದೀರಲ್ಲ, ಏನು ಅಂತ ಕಂಡುಹಿಡೀರಿ" ಎಂದ.

ಗಿರಿಜಾಂಬಿಕಾ ಪುಸ್ತಕದಲ್ಲಿ ಹೇಳಿದಂತೆ ಮೂವತ್ತು ಹೇಳಿಕೆಗಳ ಹಾಳೆ ಮಾಡಿ, 'ಪೂರ್ತಿ ಒಪ್ಪುತ್ತೇನೆ'ಯಿಂದ 'ಸ್ವಲ್ಪವೂ ಒಪ್ಪುವುದಿಲ್ಲ'ದವರೆಗೆ ಐದು ಕಾಲಂ ಹಾಕಿ ಹಂಚಿದಳು. ಓದಲು ಬಾರದವರಿಗೆ ತಾನೇ ಓದಿ ಹೇಳಿದಳು. ಇಪ್ಪತ್ತೆರಡು ಹಾಳೆಗಳೂ ವಾಪಸ್ಸು ಬಂದವು. ಎಲ್ಲದರಲ್ಲೂ ಮೊದಲನೆಯ ಕಾಲಮ್ಮಿಗೇ ಟಿಕ್. 'ಇಲ್ಲಿ ಸಂತೋಷವಾಗಿದ್ದೇನೆ' ಎಂಬುದನ್ನು ಎಲ್ಲರೂ ಪೂರ್ತಿ ಒಪ್ಪಿದ್ದರು. 'ಈ ಕೆಲಸ ಬಿಡಬೇಕು ಅನಿಸುತ್ತದೆ' ಎಂಬುದನ್ನೂ ಎಲ್ಲರೂ ಪೂರ್ತಿ ಒಪ್ಪಿದ್ದರು.

ಆ ವಿಭಾಗದಲ್ಲಿ ಎಲ್ಲರಿಗಿಂತ ಹಳಬಳಾದ ಹುಚ್ಚಕ್ಕನನ್ನು ಹೀಗೇಕೆ ಎಂದು ಕೇಳಿದಳು.

"ನೀವೇ ಕೊಟ್ಟಿದ್ದಲ್ವಾ ಮೇಡಮ್ಮೋರೇ, ಒಪ್ದೆ ಇರಾಕಾಯ್ತದಾ?" ಎಂದಳು ಹುಚ್ಚಕ್ಕ.

ವರದಿಗೆ ಮಾರ್ಗದರ್ಶಕರಾಗಿದ್ದ ತುಮಕೂರಿನ ದಯಾನಂದ್ ಮೇಷ್ಟ್ರು ಫೋನಿನಲ್ಲಿ ಇದನ್ನು ಕೇಳಿ ನಕ್ಕರು. "ಅವರು ಹಾಜರಿ ಹಾಕೋರಿಗೆ ಉತ್ತರ ಕೊಟ್ಟಿದಾರೆ. ಪುಸ್ತಕನ ಸ್ವಲ್ಪ ದಿನ ಬೇರೆಯವರ ಕೈಗೆ ಕೊಟ್ಟು, ಸುಮ್ಮನೆ ಅವರ ಜೊತೆ ಕೆಲಸ ಮಾಡಿ ನೋಡಿ."

ಹಾಜರಿ ಪುಸ್ತಕ ಮೂರು ವಾರ ಸ್ಟೋರಿನವನ ಕೈಗೆ ಹೋಯಿತು. ಗಿರಿಜಾಂಬಿಕಾ ಏಪ್ರನ್ ಕಟ್ಟಿ, ತಲೆಗೆ ಟೋಪಿ ಹಾಕಿ ಹುಚ್ಚಕ್ಕನ ಮೇಜಿಗೆ ಹೋಗಿ ಕೂತಳು. ಮೊದಲನೆಯ ದಿನವೇ ಹೆಬ್ಬೆರಳು ಕೊಯ್ದುಕೊಂಡಳು. ಹುಚ್ಚಕ್ಕ ಬಟ್ಟೆ ಸುತ್ತುತ್ತಾ, "ಚಾಕು ತಿರುಗ್ಸಬ್ಯಾಡ ಕಣವ್ವ, ಕಾಯಿ ತಿರುಗ್ಸು" ಎಂದಳು. ಹನ್ನೊಂದು ವರ್ಷದಲ್ಲಿ ಹುಚ್ಚಕ್ಕ ತನ್ನನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಸಂತೋಷಪಡಬೇಕೋ ಬೇಡವೋ ಗಿರಿಜಾಂಬಿಕಾಗೆ ತಿಳಿಯಲಿಲ್ಲ.

ಎರಡನೆಯ ವಾರ ಮಾತು ಶುರುವಾಯಿತು. ಮುಂಚೆ ಎದುರುಬದುರಾಗಿದ್ದ ಮೇಜುಗಳನ್ನು ಈಚೆಗೆ ಗೋಡೆ ಕಡೆ ತಿರುಗಿಸಿದ್ದು ಯಾರಿಗೂ ಹಿಡಿಸಿರಲಿಲ್ಲ. ಒಬ್ಬಳಿಗೆ ಮಂಡಿನೋವು. ಒಬ್ಬಳು ಗಾರ್ಮೆಂಟ್ಸಿಗೆ ಹೋಗುವ ಯೋಚನೆಯಲ್ಲಿದ್ದಳು. ಎಲ್ಲವನ್ನೂ ಗಿರಿಜಾಂಬಿಕಾ ಸಂಜೆ ಬಸ್ಸಿನಲ್ಲಿ ಕೂತು, ಹೆಸರಿಲ್ಲದೆ ಬರೆದುಕೊಂಡಳು.

ಹಾಲಸ್ವಾಮಿ ಕರೆದು ಕೇಳಿದ. "ಯಾರೋ ಬಿಟ್ಟು ಹೋಗ್ತಾರಂತಲ್ಲ. ಯಾರು?"

"ಹೆಸ್ರು ಹೇಳಲ್ಲ ಅಂತ ಮಾತು ಕೊಟ್ಟಿದೀನಿ ಸಾರ್."

"ನಿಮ್ಗೆ ಸಂಬಳ ಕೊಡೋರು ನಾವು ಕಣ್ರೀ."

ಅವಳು ಹೇಳಲಿಲ್ಲ. ಆದರೆ ಬಸ್ಸು ಇಳಿದು ಮನೆಗೆ ನಡೆಯುವಾಗ, ತಾನು ಮಾಡಿದ್ದು ಸರಿಯೇ ಎಂಬ ಧೈರ್ಯ ಬರಲಿಲ್ಲ. ಹೇಳದೆ ಕೇಳದೆ ಒಬ್ಬಳು ಬಿಟ್ಟರೆ ಅವಳ ಪಾಲಿನ ಕಾಯಿ ಉಳಿದವರ ಮೇಲೇ ಬೀಳುತ್ತಿತ್ತು.

ಮೂರು ವಾರದ ಕೊನೆಗೆ, ಮೇಜುಗಳನ್ನು ಮುಂಚಿನ ಹಾಗೆ ಇಡಬೇಕು ಎಂದು ಬರೆದುಕೊಟ್ಟಳು. ಹಾಲಸ್ವಾಮಿ ಗೊಣಗುತ್ತಲೇ ಭಾನುವಾರ ತಿರುಗಿಸಿ ಹಾಕಿಸಿದ. ಸೋಮವಾರ ಅವಳು ಗೇಟಿನ ಕುರ್ಚಿಗೆ ವಾಪಸ್ಸು ಬಂದಳು. ಆ ವಾರ ಟಬ್ಬುಗಳು ಒಂದರ ಹಿಂದೆ ಒಂದು ಹೋದವು. ಗಿರಿಜಾಂಬಿಕಾ ಹುರುಪಿನಿಂದ ವರದಿ ಬರೆದು ಮುಗಿಸಿದಳು. ತಾನು ಮೂರನೆಯ ವಾರದಲ್ಲಿ ಹೆಚ್ಚುಕಡಿಮೆ ಎಲ್ಲರಷ್ಟೇ ಟಬ್ ತುಂಬಿಸಲು ಕಲಿತೆ ಎಂಬುದನ್ನೂ ಸೇರಿಸಿ ಮೇಷ್ಟ್ರಿಗೆ ಕಳಿಸಿದಳು.

ಶನಿವಾರ ಊಟದ ಹೊತ್ತಿನಲ್ಲಿ ಹುಚ್ಚಕ್ಕನ ಪಕ್ಕ ಹೋಗಿ ಕೂತಳು. "ಮೇಜು ತಿರುಗ್ಸಿದ್ಮೇಲೆ ಕೆಲ್ಸ ಚುರುಕಾಯ್ತು, ಅಲ್ವಾ ಅಕ್ಕ?"

"ಮೇಜಿಂದೂ ಒಂದೀಟು ಇರಬೈದು. ನೀನು ಎದ್ದೋದ್ಯಲ್ಲ, ಅದಕ್ಕೂವೆ."

"ನಾನಾ?"

"ನೀನು ಒಂದು ಕಾಯಿ ಹೆರಿಯೋ ಹೊತ್ಗೆ ನಾವು ಆರು ಹೆರೀತೀವಿ. ನಿನ್ನ ಟಬ್ಬು ಖಾಲಿ ಕಾಣ್ತದಲ್ಲ ಅಂತ ಎಲ್ಲಾರೂ ನಿಧಾನ ಮಾಡ್ಕಂಡೋ. ನೀನು ನೀರು ಕುಡಿಯಾಕೆ ಎದ್ದಾಗ ನಿನ್ನ ಟಬ್ಗೂ ಒಂದೊಂದು ಹಾಕ್ತಿದ್ದೋ."

ಗಿರಿಜಾಂಬಿಕಾ ಕೈಯಲ್ಲಿದ್ದ ತುತ್ತನ್ನು ಡಬ್ಬಿಗೇ ಇಟ್ಟಳು.

"ಹಂಗಾದ್ರೆ, ನಾನು ಬರೋಕ್ಕಿಂತ ಮುಂಚೆ ಯಾಕೆ ಕಮ್ಮಿಯಾಗಿತ್ತು?"

"ಕಾಯೇ ಹಂಗಿದ್ವು ಕಣವ್ವ. ಎಲ್ಲಾ ಸಣ್ಣವು. ಒಂದು ಟಬ್ ತುಂಬ್ಬೇಕಾದ್ರೆ ಎಷ್ಟು ಹೆರೀಬೇಕು ನೀನೇ ಹೇಳು. ಈಗ ದಪ್ಪ ಕಾಯಿ ಬತ್ತಾವೆ."

"ಮೊದ್ಲೇ ಹೇಳ್ಬಾರ್ದಿತ್ತಾ ಅಕ್ಕ?"

"ನೀನು ಕಾಯಿ ವಿಷ್ಯ ಕೇಳ್ಲಿಲ್ವಲ್ಲ. ಮನ್ಸಿನ ವಿಷ್ಯ ಕೇಳ್ದೆ."

ಕಾಯಿ ಸಣ್ಣದಾಗಿದ್ದದ್ದು ಕಾರಣವೋ, ಮೇಜು ಕಾರಣವೋ, ತಾನೇ ಕಾರಣವೋ? ತೆಂಗಿನ ತೋಟದ ಮನೆಯಲ್ಲಿ ಹುಟ್ಟಿ ತೆಂಗಿನ ತೋಟದ ಮನೆಗೇ ಮದುವೆಯಾಗಿ ಬಂದವಳಿಗೆ ಕಾಯಿಯ ಗಾತ್ರ ಕಣ್ಣಿಗೆ ಬೀಳಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಮೇಷ್ಟ್ರಿಗೆ ಫೋನ್ ಮಾಡಿ, ವರದಿ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದಳು.

"ಬೇಡ, ಇದನ್ನೂ ಸೇರಿಸಿ ಬರೀರಿ" ಎಂದರು ಅವರು. "ಕೆಲಸ ಕಲಿಯೋದು ಅಂದ್ರೆ ಇದೂ ಸೇರಿದ್ದೇ."

ಅವಳು ನಾಲ್ಕು ಪುಟ ಹೆಚ್ಚಿಗೆ ಬರೆದಳು. ಮೌಖಿಕ ಪರೀಕ್ಷೆಯಲ್ಲಿ, "ಹಾಗಾದರೆ ನಿಮ್ಮ ತೀರ್ಮಾನ ಏನು?" ಎಂದು ಪರೀಕ್ಷಕರು ಕೇಳಿದರು. "ಮೂರರಲ್ಲಿ ಯಾವುದರದು ಎಷ್ಟು ಪಾಲು ಅಂತ ನನಗೆ ಗೊತ್ತಾಗಲಿಲ್ಲ ಸರ್" ಎಂದಳು. ಅವರು ಏನೋ ಗೀಚಿಕೊಂಡರು. ಮೆಚ್ಚಿದರೋ ಬೇಸರಪಟ್ಟರೋ ಮುಖದಲ್ಲಿ ಕಾಣಲಿಲ್ಲ. ಆದರೆ ಪಾಸಾಯಿತು.

ಗಾರ್ಮೆಂಟ್ಸಿಗೆ ಹೋಗುತ್ತೇನೆ ಎಂದಿದ್ದವಳು ಹೋಗಲಿಲ್ಲ. ಏನೂ ಹೇಳದಿದ್ದ ಬೇರೆ ಇಬ್ಬರು ಬಿಟ್ಟರು. ಇನ್ನೂ ಯಾರಾದರೂ ಬಿಟ್ಟಾರು ಎಂದು ಹಾಲಸ್ವಾಮಿ ಹಾಜರಿಯನ್ನು ಕಾಯಂ ಆಗಿ ಸ್ಟೋರಿನವನಿಗೆ ಕೊಟ್ಟು, ಕೆಲಸಗಾರರ ಕಷ್ಟಸುಖ ಕೇಳಲು ಗಿರಿಜಾಂಬಿಕಾಗೆ ಪ್ಯಾಕಿಂಗ್ ವಿಭಾಗದ ಮಗ್ಗುಲಲ್ಲಿ ಒಂದು ಕೋಣೆ ಕೊಟ್ಟ. ಬಾಗಿಲ ಮೇಲೆ ಏನು ಬರೆಸುವುದು ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಮೊದಲ ವಾರ ಯಾರೂ ಬರಲಿಲ್ಲ. ಎರಡನೆಯ ವಾರ, ದಬ್ಬೇಘಟ್ಟದಿಂದ ಹೊಸದಾಗಿ ಸೇರಿದ್ದ ಪುಷ್ಪಲತಾ ಬಾಗಿಲಲ್ಲಿ ನಿಂತು, ಎರಡು ದಿನ ರಜೆ ಬೇಕಿತ್ತು ಎಂದಳು.

"ರಜೆ ಯಾಕೆ?" ಎಂದು ಗಿರಿಜಾಂಬಿಕಾ ಬಾಯಿತಪ್ಪಿ ಕೇಳಿಬಿಟ್ಟಳು. ಹುಡುಗಿ ಸೆರಗು ಹಿಡಿದು ಹಿಂಜರಿದಳು. ಕೇಳಿದ್ದು ಹನ್ನೊಂದು ವರ್ಷದ ರೂಢಿಯೋ, ಹೊಸದಾಗಿ ಓದಿದ ಓದೋ ಗಿರಿಜಾಂಬಿಕಾಗೇ ಗೊತ್ತಾಗಲಿಲ್ಲ.

"ರಜೆ ಕೊಡೋರು ನಾನಲ್ಲ ಕಣೇ" ಎಂದು ಕುರ್ಚಿ ಎಳೆದು ಹಾಕಿದಳು. "ಬಾ, ಕೂತ್ಕೊ. ಹೇಳ್ಬೇಕು ಅನ್ಸಿದ್ರೆ ಹೇಳು."

ಪುಷ್ಪಲತಾ ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕೂತಳು.