ದೊಡ್ಡವ್ವನ ಬಲಗೈ

ದೊಡ್ಡವ್ವನ ಬಲಗೈಯ ನಡುವಿನ ಎರಡು ಬೆರಳು ನೆಟ್ಟಗಾಗುತ್ತಿರಲಿಲ್ಲ. ಪ್ರಾಯದಲ್ಲಿದ್ದಾಗ ಎಮ್ಮೆ ಬೆದರಿ ಓಡಿ, ಕೈಗೆ ಸುತ್ತಿಕೊಂಡಿದ್ದ ಹಗ್ಗ ಜಗ್ಗಿ, ಅವು ಅಂಗೈ ಕಡೆಗೆ ಬಾಗಿ ಹಾಗೆಯೇ ನಿಂತುಬಿಟ್ಟಿದ್ದವಂತೆ. ರೊಟ್ಟಿ ಬಡಿಯಲು, ಹಾಲು ಹಿಂಡಲು, ಹುಲ್ಲು ಕಟ್ಟಲು ಆ ಕೈ ಎಂದೂ ಹಿಂದೆ ಬೀಳಲಿಲ್ಲ. ಯಾರನ್ನಾದರೂ ಕರೆಯಲು ಮೇಲೆತ್ತಿದರೆ ಮಾತ್ರ ಹೊಡೆಯಲು ಎತ್ತಿದ ಹಾಗೆ ಕಾಣುತ್ತಿತ್ತು. ಕರೆಯುವುದೋ, ಅವಳಿಗೆ ಕೈಯಿಂದಲೇ ಆಗಬೇಕು. ಉಬ್ಬಸದ ಎದೆ. ಗಟ್ಟಿಯಾಗಿ ಕೂಗಿದರೆ ದಮ್ಮು ಹತ್ತಿ ಅಲ್ಲೇ ಕುಕ್ಕರಿಸುತ್ತಿದ್ದಳು.

ಅವಳು ನನ್ನ ಅಪ್ಪನ ಅಣ್ಣನ ಹೆಂಡತಿ. ಹುಲಿಹೈದರದ ಆಚೆ, ಗುಡ್ಡದ ಬುಡಕ್ಕೆ ಅಂಟಿಕೊಂಡ ಓಣಿ ನಮ್ಮದು. ನಾನು ಅಲ್ಲಿಯ ಅಂಗನವಾಡಿಯಲ್ಲಿ ಶಿಕ್ಷಕಿ. ಅಂಗನವಾಡಿಯ ಬಾಗಿಲು, ದೊಡ್ಡವ್ವನ ಹೊಸ್ತಿಲು ಎದುರುಬದುರು. ಹೊಸದಾಗಿ ಸೇರಿದ ಮಕ್ಕಳು ಆ ಕೈ ಕಂಡರೆ ಹೋ ಎಂದು ಅಳುತ್ತಿದ್ದವು. "ಅಳಬ್ಯಾಡೋ ಖೋಡಿ, ಹೊಡಿಯಂಗಿಲ್ಲ. ಇದರ ಹಣೇಬರಾನಽ ಹಿಂಗೈತಿ," ಎಂದು ಸೆರಗಿನ ಗಂಟಿನಿಂದ ಹುರಿದ ಶೇಂಗಾ ತೆಗೆಯುತ್ತಿದ್ದಳು. ನಾಲ್ಕು ದಿನ ಕಳೆದರೆ ಅವೇ ಮಕ್ಕಳು ಆ ಕೈ ಎತ್ತುವುದನ್ನೇ ಕಾಯುತ್ತ ಬಾಗಿಲಲ್ಲಿ ನಿಲ್ಲುತ್ತಿದ್ದವು. ನಾನು ಹಾಡು ಹೇಳಿಕೊಡುತ್ತಿದ್ದರೆ ಒಂದೂ ಕೇಳುತ್ತಿರಲಿಲ್ಲ. ನನಗೆ ಸಿಟ್ಟು ಬರುತ್ತಿತ್ತು, ಸುಳ್ಳೇಕೆ ಹೇಳಲಿ.

ಸಿಟ್ಟು ಅವಳಿಗೂ ಕಡಿಮೆ ಇರಲಿಲ್ಲ. ಹಿಂದಿನ ಮನೆಯವಳ ಜೊತೆ ಎಷ್ಟೋ ವರ್ಷದ ಹಿಂದೆ ಬಚ್ಚಲ ನೀರಿನ ಸಲುವಾಗಿ ಜಗಳಾಡಿ ಮಾತು ಬಿಟ್ಟವಳು ಮತ್ತೆ ಹಿಡಿದಿರಲಿಲ್ಲ. ಇಬ್ಬರ ನಡುವೆ ಎದೆಯೆತ್ತರದ ಒಂದು ಗೋಡೆ. ಆಕೆಗೆ ಏನಾದರೂ ಹೇಳಬೇಕಾದರೆ ದೊಡ್ಡವ್ವ ತನ್ನ ಎಮ್ಮೆಗೆ ಹೇಳುತ್ತಿದ್ದಳು. "ಕೆಲವೊಬ್ಬರ ಮನಿ ನೀರಿಗೆ ಕಣ್ಣಽ ಇಲ್ಲ ನೋಡವಾ," ಎಂದು ಎಮ್ಮೆಯ ಮುಂದೆ ನಿಂತು ಹೇಳಿದರೆ, ಆಚೆಯಿಂದ ಆಕೆ ತನ್ನ ಕೋಳಿಗೆ ಉತ್ತರ ಕೊಡುತ್ತಿದ್ದಳು. ನಾವು ನಡುವೆ ಬಾಯಿ ಹಾಕಿದರೆ ದೊಡ್ಡವ್ವನಿಂದ ಒಂದೇ ಮಾತು: "ಮೊದಲ ಕೈ ಹಚ್ಚು, ಮಾತು ಆಮ್ಯಾಲ ಆಡೂಣು." ಕೂತು ಮಾತಾಡುವವರ ಕೈಗೆ ಸೊಪ್ಪೋ ಕಾಳೋ ಕೊಟ್ಟುಬಿಡುವುದು ಅವಳ ರೂಢಿ. ಸೋಸುತ್ತ ಎಷ್ಟು ಬೇಕಾದರೂ ಮಾತಾಡಬಹುದಿತ್ತು.

ಬೇಸಿಗೆಯಲ್ಲಿ ನಮ್ಮ ಗುಡ್ಡ ಆಗಾಗ ಹೊತ್ತಿಕೊಳ್ಳುತ್ತದೆ. ಬಂಡೆಗಳ ನಡುವೆ ಮೊಣಕಾಲುದ್ದ ಒಣಹುಲ್ಲು. ಬೀಡಿಯ ಕಿಡಿಯೋ, ಬೇಕಂತಲೇ ಹಚ್ಚಿದ್ದೋ, ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎನ್ನುವ ಮಾತು ಈಗ ಯಾರ ಬಾಯಲ್ಲೂ ಬರುವುದಿಲ್ಲವಾದ್ದರಿಂದ ನಾನಾದರೂ ಹೇಳಿಬಿಡುತ್ತೇನೆ. ಹೊತ್ತಿದಾಗ ಗಂಡಸರು ಹಸಿ ಟೊಂಗೆ ಮುರಿದುಕೊಂಡು ಮೇಲೆ ಹತ್ತಿ ಉರಿಯನ್ನು ಬಡಿದು ಬಡಿದು ಆರಿಸುತ್ತಾರೆ. ಗಂಗಾವತಿಯಿಂದ ಅಗ್ನಿಶಾಮಕದ ಗಾಡಿ ಬಂದರೂ ಡಾಂಬರು ರಸ್ತೆ ಮುಗಿದಲ್ಲಿ ನಿಲ್ಲಬೇಕು. ಬಂಡೆ ಹತ್ತುವ ಗಾಡಿ ಯಾರ ಹತ್ತಿರವೂ ಇಲ್ಲ.

ಆ ವರ್ಷ ಶಿವರಾತ್ರಿ ಕಳೆದ ಮೇಲೆ, ಒಂದು ಮಧ್ಯಾಹ್ನ, ಗುಡ್ಡದ ಆಚೆ ಮಗ್ಗುಲಿಗೆ ಬೆಂಕಿ ಬಿತ್ತು. ಗಂಡಸರೆಲ್ಲ ಆ ಕಡೆ ಓಡಿದರು. ಸ್ವಲ್ಪ ಹೊತ್ತಿಗೆ ಗಾಳಿ ತಿರುಗಿ, ಉರಿ ನೆತ್ತಿ ದಾಟಿ ನಮ್ಮ ಓಣಿಯ ಕಡೆ ಇಳಿಯತೊಡಗಿತು. ಕೆಳಗೆ ಇದ್ದವರು ಹೆಂಗಸರು, ಮುದುಕರು, ಮಕ್ಕಳು. ನಾನು ಮಕ್ಕಳನ್ನು ರಸ್ತೆಯಾಚೆಯ ಗುಡಿಯ ಕಟ್ಟೆಗೆ ಸಾಗಿಸಿ ಬರುವಷ್ಟರಲ್ಲಿ ದೊಡ್ಡವ್ವ ಬಣವೆಯ ಮೇಲೆ ನಿಂತಿದ್ದಳು. ತನ್ನ ಬಣವೆಯ ಮೇಲಲ್ಲ, ಹಿಂದಿನ ಮನೆಯವಳ ಬಣವೆಯ ಮೇಲೆ.

"ದೊಡ್ಡವ್ವಾ, ನಿನ್ನ ಬಣವಿ ಗುಡ್ಡದ ಬುಡಕ್ಕಽ ಐತಿ, ಮೊದಲ ಅದನ್ನ ಸಾಗಸೂಣು ಬಾ," ಎಂದೆ.

"ಅದು ಕಣದಾಗ ಒಂದಽ ಐತಿ, ಸುಟ್ರ ಒಂದಽ ಸುಡತೈತಿ. ಇದು ಕೊಟಗಿಗೆ ಹತ್ತಿ ನಿಂತೈತಿ. ಇದಕ್ಕ ಹತ್ತಿದ್ರ ಓಣಿನಽ ಹೋಗತೈತಿ. ಕೈ ಹಚ್ಚು."

ಹಿಂದಿನ ಮನೆಯವಳು ಕೊಟ್ಟಿಗೆಯ ಬಾಗಿಲಲ್ಲಿ ಕಲ್ಲಿನಂತೆ ನಿಂತಿದ್ದಳು. ತನ್ನ ಬಣವೆಯನ್ನು ಮಾತು ಬಿಟ್ಟವಳು ಕೆಡವುತ್ತಿದ್ದಾಳೆ. ದೊಡ್ಡವ್ವ ಆಕೆಯ ಕಡೆ ಕೈ ಎತ್ತಿದಳು, ಅಷ್ಟೇ. ಆಕೆ ಬಂದು ಕೆಳಗೆ ನಿಂತಳು. ಮೇಲಿನಿಂದ ಇವಳು ಹೊರೆ ತಳ್ಳುವುದು, ಕೆಳಗೆ ಆಕೆ ಹಿಡಿದು ನಮ್ಮ ತಲೆಗೆ ಹೊರಿಸುವುದು. ಇಬ್ಬರ ನಡುವೆ ಒಂದು ಮಾತಿಲ್ಲ. ನಾವು ಅದನ್ನು ನೇಗಿಲು ಹೊಡೆದು ಬಿಟ್ಟಿದ್ದ ಹೊಲದ ನಡುವೆ ಒಗೆದು ಬರುತ್ತಿದ್ದೆವು. ಅಲ್ಲಿ ಉರಿಯಲು ಮಣ್ಣಿನ ಹೆಂಟೆ ಬಿಟ್ಟರೆ ಏನೂ ಇರಲಿಲ್ಲ. ಕೊನೆಕೊನೆಗೆ ದೊಡ್ಡವ್ವನೂ ಕೆಳಗಿಳಿದು ಹೊರೆ ಹೊತ್ತಳು. ಹೊಗೆಗೆ ಅವಳ ಎದೆ ಗೊರಗೊರ ಅನ್ನುತ್ತಿತ್ತು.

ಆಗಲೇ ರಸ್ತೆಯಲ್ಲಿ ಒಂದು ಕಾರು ನಿಂತಿತು. ಒಬ್ಬಾತ ಇಳಿದು ಬಾಗಿಲಿಗೆ ಒರಗಿಕೊಂಡು ಮೊಬೈಲು ಹಿಡಿದ. ದೊಡ್ಡವ್ವ ಹೊರೆ ಹೊತ್ತವಳೇ ಅವನ ಕಡೆ ತಿರುಗಿ ಕೈ ಎತ್ತಿದಳು. ಆತ ಕಾರು ಹತ್ತಿ ಹೋದ.

ದೊಡ್ಡವ್ವನ ಬಣವೆ ಸುಟ್ಟು ಬೂದಿಯಾಯಿತು. ಕೊಟ್ಟಿಗೆಗೆ, ಮನೆಗಳಿಗೆ ಏನೂ ಆಗಲಿಲ್ಲ. ಗಂಡಸರು ಕರಿ ಮುಖ ಹೊತ್ತು ಕೆಳಗಿಳಿದಾಗ ಹೊತ್ತು ಮುಳುಗುತ್ತಿತ್ತು.

ಮರುದಿನ ಆ ವಿಡಿಯೋ ಎಲ್ಲರ ಮೊಬೈಲಿಗೂ ಬಂತು. "ನೋಡಿ ಸ್ನೇಹಿತರೆ, ಗುಡ್ಡ ಧಗಧಗ ಉರೀತಾ ಇದೆ, ಈ ಜನಕ್ಕೆ ತಮ್ಮ ಹುಲ್ಲಿನ ಚಿಂತೆ. ಕೇಳಿದ್ರೆ ಹೊಡೆಯೋಕೆ ಬರ್ತಾರೆ," ಎಂದು ಆತನ ದನಿ. ಆತ ಏನೂ ಕೇಳಿರಲಿಲ್ಲ. ಕೆಳಗೆ ಜನ ಬರೆದಿದ್ದೇ ಬರೆದಿದ್ದು. ಸ್ವಾರ್ಥಿಗಳು. ಪೈಪು ಹಚ್ಚಿ ನೀರು ಹೊಡೆಯಲು ಏನು ರೋಗ. ಇವರೇ ಬೆಂಕಿ ಹಚ್ಚಿರುತ್ತಾರೆ. ಮೇಲೆ ಕರಡಿ ಮರಿಗಳು ಬೇಯುತ್ತಿವೆ, ಮುದುಕಿಗೆ ಹುಲ್ಲು ಬೇಕಂತೆ. ಕುಡಿಯುವ ನೀರಿಗೇ ಕೊಡ ಹಿಡಿದು ನಿಲ್ಲುವ ನಮ್ಮ ಓಣಿಗೆ ಪೈಪಿನ ಬುದ್ಧಿ ಹೇಳಲು ಬಂದವರನ್ನು ಕಂಡು ನನ್ನ ಮೈಯೆಲ್ಲ ಉರಿಯಿತು. ಕೂತು ಉತ್ತರ ಬರೆದೆ. ಅದು ಅವಳ ಹುಲ್ಲಲ್ಲ, ಅವಳದು ಸುಟ್ಟುಹೋಗಿದೆ, ಗಂಡಸರು ಆಚೆ ಮಗ್ಗುಲಲ್ಲಿದ್ದರು ಎಂದೆಲ್ಲ. "ನೀವು ಅವರ ಕಡೆಯವರಾ?" ಎಂದು ಒಬ್ಬ ಕೇಳಿದ. ಹೌದು ಎಂದೆ. "ಹಾಗಿದ್ದರೆ ನಿಮ್ಮ ಮಾತು ನಂಬುವುದು ಹೇಗೆ?" ಎಂದ. ಕಣ್ಣಿಂದ ನೋಡಿದವಳ ಮಾತು ನಂಬಬಾರದು, ಎಲ್ಲೋ ಕೂತು ಬರೆದವನದು ನಂಬಬೇಕು.

ದೊಡ್ಡವ್ವನಿಗೆ ಸುದ್ದಿ ಮುಟ್ಟಿತು. ಸಂಜೆ ಬಂದು ನನ್ನ ಪಕ್ಕ ಕೂತಳು. "ಏನ್ ಬರದಾರ, ಓದು."

ನಾನು ಒಂದೆರಡು ಓದಿ ನಿಲ್ಲಿಸಿದೆ.

"ಪೂರ್ತಿ ಓದವಾ, ನುಂಗಬ್ಯಾಡ."

ಓದಿದೆ. "ಸ್ವಾರ್ಥಿ ಅಂದ್ರ ಆಪಮತಲಬಿ ಅಂತ, ಹೌದಿಲ್ಲೋ?" ಎಂದಳು.

"ನಾ ಎಲ್ಲಿ ಹೊಡಿಯಾಕ ಹೋಗಿದ್ನೆ? ಅವನ್ನ ಕರದ್ನಲ್ಲ. ಗಟ್ಟಿ ಇದ್ದ, ಒಂದ್ ಹೊರಿ ಹಿಡೀಲಿ ಅಂತ ಕರದೆ. ನೀನೂ ನೋಡಿದೆಲ್ಲ?" ಎಂದಳು. ನೋಡಿದೆ ಎಂದೆ. "ಮತ್ತ ಇಷ್ಟು ಮಂದಿ ಕೂಡಿ ಹೊಡಿಯಾಕ ಅಂತಾರ," ಎಂದು ಕೈಯನ್ನು ತಿರುಗಿಸಿ ತಿರುಗಿಸಿ ತಾನೇ ನೋಡಿಕೊಂಡಳು.

ಅಷ್ಟಕ್ಕೇ ಮುಗಿದಿದ್ದರೆ ಅವಳು ಬೈದು ಮರೆಯುತ್ತಿದ್ದಳೋ ಏನೋ. ಆ ತಿಂಗಳಲ್ಲೇ ಕುಷ್ಟಗಿಯಲ್ಲಿ ನೆಂಟರ ಮದುವೆ ಇತ್ತು. ಊಟದ ಪಂಕ್ತಿಯಲ್ಲಿ ಎದುರಿಗೆ ಕೂತ ಗುರುತಿಲ್ಲದ ಹೆಂಗಸೊಬ್ಬಳು ಇವಳನ್ನೇ ನೋಡಿ ನೋಡಿ, "ಹುಲ್ಲು ಹೊತ್ತಾಕಿ ನೀವಽ ಅಲ್ಲೇನ್ರಿ? ಮೊಬೈಲ್‌ನ್ಯಾಗ ನೋಡೀವಿ. ಹೊಡಿಯಾಕ ಹೊಂಟಿದ್ರಲ್ರಿ ಅವಂಗ," ಎಂದು ನಕ್ಕಳು. ಅಕ್ಕಪಕ್ಕದವರೂ ನಕ್ಕರು. ಕೆಟ್ಟ ನಗೆಯೇನಲ್ಲ, ಮದುವೆಮನೆಯ ನಗೆ. ದೊಡ್ಡವ್ವ ಕಲಸಿದ ಅನ್ನ ಎಲೆಯಲ್ಲೇ ಬಿಟ್ಟು ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಬಿದ್ದ ಅಗುಳನ್ನೂ ಆರಿಸಿ ಉಣ್ಣುವವಳು ಹಾಗೆ ಎದ್ದಿದ್ದನ್ನು ನಾನು ಅದೊಂದೇ ಸಲ ನೋಡಿದ್ದು. ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಆ ಕೈ ಸೆರಗಿನೊಳಗೇ ಇತ್ತು.

ಆಮೇಲೂ ಹಾಗೆಯೇ. ಕೆಲಸಕ್ಕೆ ಕೈ ಬರುತ್ತಿತ್ತು, ಕರೆಯಲು ಏಳುತ್ತಿರಲಿಲ್ಲ. ಬೆಳಿಗ್ಗೆ ಮಕ್ಕಳು ಅಂಗನವಾಡಿಯ ಬಾಗಿಲಲ್ಲಿ ನಿಂತು ಎದುರು ಹೊಸ್ತಿಲು ನೋಡುತ್ತಿದ್ದವು. ಅವಳು ಶೇಂಗಾವನ್ನು ನನ್ನ ಕೈಗೆ ಸುರಿದು, "ನೀನಽ ಕೊಡವಾ," ಎಂದು ಒಳಗೆ ಹೋಗುತ್ತಿದ್ದಳು. "ಮಕ್ಕಳು ನಿನ್ನ ದಾರಿ ಕಾಯತಾವ, ಒಂದ್ಸಲ ಕರಿ," ಎಂದು ನಾನು ಗದರಿದೆ, ಗೋಗರೆದೆ. "ಹೊಡೀತಾಳ ಅಂತ ಯಾರರ ಫೋಟೋ ತಗದ್ರ?" ಎಂದಳು. ಆ ಬರೆದವರಿಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು. ಅವರು ಮರುದಿನವೇ ಬೇರೆ ಯಾರನ್ನೋ ಬೈಯಲು ಹೋಗಿದ್ದರು.

ಆ ಬೇಸಿಗೆಯಿಡೀ ದೊಡ್ಡವ್ವನ ಎಮ್ಮೆ ತಿಂದದ್ದು ಹಿಂದಿನ ಮನೆಯವಳ ಹುಲ್ಲು. ದಿನಾ ಬೆಳಿಗ್ಗೆ ಗೋಡೆಯ ಆಚೆಯಿಂದ ಒಂದು ಸಿವುಡು ಹುಲ್ಲು ಹಾರಿ ಬಂದು ಧೊಪ್ಪೆಂದು ಬೀಳುತ್ತಿತ್ತು. ಇವಳು ಎತ್ತಿ ಎಮ್ಮೆಗೆ ಹಾಕುತ್ತಿದ್ದಳು. ಸಂಜೆ ಗೋಡೆಯ ಮೇಲೆ ಒಂದು ತಂಬಿಗೆ ಮಜ್ಜಿಗೆ ಇಡುತ್ತಿದ್ದಳು, ಆಚೆಯಿಂದ ಒಂದು ಕೈ ಅದನ್ನು ತೆಗೆದುಕೊಳ್ಳುತ್ತಿತ್ತು. ಮಾತು ಮಾತ್ರ ಇಲ್ಲ. ನೋಡಿ ನೋಡಿ ನಮಗೆ ನಗೆ ಬರುತ್ತಿತ್ತು.

ಎಳ್ಳಮಾಸಿ ಕಳೆದ ವಾರದಲ್ಲಿ ಉಬ್ಬಸ ಜಾಸ್ತಿಯಾಗಿ ದೊಡ್ಡವ್ವ ತೀರಿಕೊಂಡಳು. ಅವತ್ತಿನ ಹೊಗೆಯಿಂದಲೇ ಸತ್ತಳು ಎಂದು ಓಣಿಯಲ್ಲಿ ಕೆಲವರು ಅಂದರು. ನಾನು ಹಾಗೆ ಹೇಳುವುದಿಲ್ಲ. ಅವಳ ಎದೆ ಮೊದಲಿನಿಂದಲೂ ಹಾಗೇ ಇತ್ತು. ತಿಳಿಯದ್ದನ್ನು ತಿಳಿದಂತೆ ಹೇಳಿದರೆ ನಾನೂ ಆ ಬರೆಯುವವರ ಸಾಲಿಗೆ ಸೇರಿದಂತಾಯಿತು. ಆದರೆ ಅವಳ ಕೈ ಸೆರಗಿನೊಳಗೆ ಹೋದದ್ದು ಯಾರಿಂದ ಎಂಬುದು ನನಗೆ ತಿಳಿದಿದೆ. ಅದನ್ನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಯಲಬುರ್ಗಾಕ್ಕೆ ಕೊಟ್ಟಿದ್ದ ಅವಳ ಮಗಳು ಬಂದಿದ್ದಳು. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಹಿಂದಿನ ಮನೆಯವಳು ರೊಟ್ಟಿಯ ಬುಟ್ಟಿ ಹೊತ್ತು ತಂದು ಇಳಿಸಿ, ಬಾಗಿಲ ಹತ್ತಿರ ಗೋಡೆಗೆ ಒರಗಿ ಕೂತಳು. ಮಗಳು ನನ್ನನ್ನು ಕೇಳಿದಳು: "ಅಕ್ಕಾ, ಅವ್ವ ನಡದಾಡೂದು ಒಂದರ ವಿಡಿಯೋ ಐತೇನು? ನನ್ನ ಹಂತೇಕ ಆಧಾರ ಕಾರ್ಡಿನ ಫೋಟೋ ಬಿಟ್ರ ಏನಿಲ್ಲ."

ಇದ್ದದ್ದು ಅದೊಂದೇ. ತೋರಿಸಲೋ ಬೇಡವೋ ಎಂದು ಬಹಳ ಹೊತ್ತು ಮೊಬೈಲು ಹಿಡಿದು ಕೂತೆ. ಕೊನೆಗೆ ದನಿ ಪೂರ್ತಿ ಮುಚ್ಚಿ, ಕೆಳಗೆ ಜನ ಬರೆದದ್ದು ಕಾಣದಂತೆ ಹೆಬ್ಬೆರಳು ಅಡ್ಡ ಹಿಡಿದು, ಮೂವರಿಗೂ ಕಾಣುವಂತೆ ನಡುವೆ ಇಟ್ಟೆ. ಹೊಗೆ, ಗುಡ್ಡ, ತಲೆಯ ಮೇಲೆ ಹೊರೆ ಹೊತ್ತ ಹೆಂಗಸರು, ಹಿಂದೆ ಹಸಿರು ಸೀರೆಯಲ್ಲಿ ನಾನು. ಎಲ್ಲರ ಮುಂದೆ ದೊಡ್ಡವ್ವ. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಾಳೆ. ನಡೆಯುತ್ತ ನಡೆಯುತ್ತ ನಿಂತು, ನಮ್ಮ ಕಡೆಗೇ ತಿರುಗಿ, ಬಲಗೈ ಎತ್ತಿದಳು.

ಹಿಂದಿನ ಮನೆಯವಳು ನೆಲಕ್ಕೆ ಕೈಯೂರಿ ಅರ್ಧ ಎದ್ದಳು.

"ತಡಿಯಽ, ಬಂದೆ," ಎಂದಳು.

ಅಷ್ಟು ವರ್ಷಗಳಲ್ಲಿ ಆಕೆ ದೊಡ್ಡವ್ವನ ಜೊತೆ ಆಡಿದ ಮೊದಲ ಮಾತು ಅದು.