ತಾರಸಿಯ ಮೇಲೆ ಕಸ, ಟೆಂಪೋದಲ್ಲಿ ಸರಕು

ಸ್ನೇಹಿತರೇ, ರೇಷ್ಮೆಗೂಡಿನಿಂದ ನೂಲು ತೆಗೆದ ಮೇಲೆ ಉಳಿಯುವ ಸತ್ತ ಹುಳ, ಅಂದರೆ ಪ್ಯೂಪ, ಕಸವೋ ಸರಕೋ ಯಾರಾದರೂ ಹೇಳಿಬಿಡಿ.

ನೂಲು ತೆಗೆಯುವ ನಮ್ಮ ರೀಲಿಂಗ್ ಶೆಡ್ಡಿನಲ್ಲಿ ಉಳಿದ ಪ್ಯೂಪವನ್ನು ಎಂದಿನಂತೆ ತಾರಸಿಯ ಮೇಲೆ ಒಣಹಾಕಿದ್ದೆ. ಪಕ್ಕದ ಮನೆಯವರ ದೂರು ಹಿಡಿದು ನಗರಸಭೆಯ ಆರೋಗ್ಯ ನಿರೀಕ್ಷಕರು ಮೂಗು ಮುಚ್ಚಿಕೊಂಡೇ ಬಂದರು. "ಇದು ಕಸ ಕಣಪ್ಪ. ಈಗ್ಲೇ ಊರಾಚೆ ಸಾಗಿಸು, ಇಲ್ದಿದ್ರೆ ನಿನ್ ರೀಲಿಂಗ್ ಶೆಡ್ಡಿಗೆ ಬೀಗ ಹಾಕಿಸ್ತೀನಿ."

ಹಸಿಹಸಿಯಾಗಿಯೇ ಟೆಂಪೋಗೆ ತುಂಬಿ ದಿಬ್ಬೂರಹಳ್ಳಿಯ ಕೋಳಿ ಫಾರಂ ಕಡೆ ಹೊರಟೆ. ದಾರಿಯಲ್ಲಿ ತೆರಿಗೆ ಅಧಿಕಾರಿ ಅಡ್ಡಗಟ್ಟಿ ಬಿಲ್ ಕೇಳಿದರು.

"ಕಸಕ್ಕೆ ಎಂಥ ಬಿಲ್ಲು ಸಾರ್?"

"ಕಸ ಅಂತ ಯಾರ್ರೀ ಹೇಳಿದ್ದು? ಕೋಳಿ ಮೇವಿದು. ಸರಕು!"

ಹೇಳಿದ ನಿರೀಕ್ಷಕರಿಗೇ ಫೋನ್ ಮಾಡಿ ಅಧಿಕಾರಿಯ ಕೈಗೆ ಕೊಟ್ಟೆ. ಇಬ್ಬರೂ ಕಸ, ಸರಕು ಎಂದು ಕಿತ್ತಾಡುವಷ್ಟರಲ್ಲಿ ಬಿಸಿಲೇರಿ ಗಾಡಿ ಗಬ್ಬೆದ್ದಿತು. ಅಧಿಕಾರಿ ಫೋನ್ ನನ್ನ ಕೈಗೆ ತುರುಕಿ, "ಮೊದ್ಲು ಗಾಡಿ ತೆಗೀರಿ ಇಲ್ಲಿಂದ!" ಎಂದು ದೂರ ಓಡಿದರು.

ನಿರೀಕ್ಷಕರು ಇನ್ನೂ ಲೈನಿನಲ್ಲಿದ್ದರು. ದನಿ ಬದಲಾಗಿತ್ತು. "ಕೋಳಿ ತಿಂತವಾ ಅದನ್ನ? ಹಂಗಾದ್ರೆ ಒಂದು ಚೀಲ ನಮ್ಮನೇಗೆ ಇಳಿಸಪ್ಪ, ನಾಟಿ ಕೋಳಿ ಸಾಕಿದೀವಿ."

"ಇನ್ನೂ ಹಸಿ ಐತೆ ಸಾರ್."

"ಇರ್ಲಿ ಬಿಡು, ನಮ್ಮ ತಾರಸಿ ಮೇಲೆ ಒಣಗಿಸ್ಕೋತೀವಿ."

ಅವರ ಪಕ್ಕದ ಮನೆಯವರು ಯಾರಿಗೆ ದೂರು ಕೊಡಬೇಕೋ!